ಬಿಶನ್ ಸಿಂಗ್‌ನನ್ನು ಯಾರೂ ಕೇಳಲಿಲ್ಲ

ವಿಭಜನೆಯ ಮಾತು ಬಂದಾಗಲೆಲ್ಲ ನಾವು ಸಾದತ್ ಹಸನ್ ಮಂಟೋ ಅವರ ‘ಟೋಬಾ ಟೇಕ್ ಸಿಂಗ್’ ಕತೆಯನ್ನು ನೆನೆಯುತ್ತೇವೆ. ಲಾಹೋರಿನ ಹುಚ್ಚಾಸ್ಪತ್ರೆಯ ಬಿಶನ್ ಸಿಂಗ್ ತನ್ನ ಊರು ಯಾವ ದೇಶಕ್ಕೆ ಸೇರಿತೆಂದು ಕಂಡಕಂಡವರನ್ನು ಕೇಳುತ್ತಾನೆ. ಅದು ಪಾಕಿಸ್ತಾನದಲ್ಲೇ ಉಳಿದಿದೆಯೆಂದು ವಾಘಾದಲ್ಲಿ ತಿಳಿದಾಗ ಭಾರತಕ್ಕೆ ದಾಟಲು ಒಪ್ಪದೆ ಎರಡೂ ಬೇಲಿಗಳ ನಡುವಿನ ನೆಲದಲ್ಲಿ ಕುಸಿದು ಬೀಳುತ್ತಾನೆ. ಗಡಿಯೇ ಹುಚ್ಚು ಎಂದು ಹೇಳಿ ಪುಸ್ತಕ ಮುಚ್ಚಿಡುವುದು ವಿಮರ್ಶೆಯ ರೂಢಿ. ಈ ಓದಿನ ಬಗ್ಗೆ ನಮಗೆ ತಕರಾರಿದೆ. ಬಿಶನ್ ಸಿಂಗ್ ಕೇಳುವುದು ತನ್ನ ಊರನ್ನು. ಅವನನ್ನು ಮಾತ್ರ ಯಾವ ಸರ್ಕಾರವೂ ಏನನ್ನೂ ಕೇಳುವುದಿಲ್ಲ.

ಅವನ ಪಾಡನ್ನೇ ಪಟ್ಟವರು ಕೂಚ್‌ಬಿಹಾರ ಸೀಮೆಯ ‘ಛಿಟ್‌ಮಹಲ್’ಗಳ ಜನ. ಅರಸೊತ್ತಿಗೆಯ ಕಾಲದ ಚದುರಿದ ಹಿಡುವಳಿಗಳು ವಿಭಜನೆಯ ನಂತರ ವಿದೇಶದ ದ್ವೀಪಗಳಾದವು. ಬಾಂಗ್ಲಾದೇಶದೊಳಗೆ ಭಾರತದ 111 ತುಂಡುಗಳು, ಭಾರತದೊಳಗೆ ಬಾಂಗ್ಲಾದ 51. ಅಲ್ಲಿ ಸರ್ಕಾರಿ ಶಾಲೆಯಿಲ್ಲ, ಮತವಿಲ್ಲ, ಪೊಲೀಸರಿಲ್ಲ. ಮಗುವನ್ನು ಪಕ್ಕದೂರಿನ ಶಾಲೆಗೆ ಸೇರಿಸಲು ಬೇರೆ ಯಾರನ್ನೋ ಅಪ್ಪನೆಂದು ಬರೆಸಿದವರಿದ್ದರು. ಮಂಟೋ ಕೂಡ ಇದನ್ನು ಕಲ್ಪಿಸಿಕೊಂಡಿರಲಾರರು!

ಇಂದಿರಾ ಗಾಂಧಿ ಮತ್ತು ಶೇಖ್ ಮುಜೀಬುರ್ ರಹಮಾನ್ ಒಪ್ಪಂದಕ್ಕೆ ಸಹಿ ಹಾಕಿದ್ದು 1974ರಲ್ಲಿ. ಬಾಂಗ್ಲಾ ಸಂಸತ್ತು ಆ ವರ್ಷವೇ ಒಪ್ಪಿತು. ನಮ್ಮದಕ್ಕೆ 41 ವರ್ಷ ಬೇಕಾಯಿತು. ಕೋರ್ಟು ವ್ಯಾಜ್ಯಗಳ ಜೊತೆ ಅಡ್ಡ ಬಂದದ್ದು ಎಕರೆ ಲೆಕ್ಕ: ಕೊಡುವುದು 17,160, ಪಡೆಯುವುದು 7,110. ಆಡಳಿತವೇ ತಲುಪಲಾಗದ ನೆಲದ ಬಗ್ಗೆ ‘ಒಂದಿಂಚೂ ಕೊಡೆವು’ ಎಂಬ ವೀರಾವೇಶ! 2013ರಲ್ಲಿ ಮಸೂದೆಯನ್ನು ವಿರೋಧಿಸಿದ್ದ ಬಿಜೆಪಿಯ ಸರ್ಕಾರವೇ 2015ರಲ್ಲಿ ಅದನ್ನು ತಂದಿತು. ಎರಡೂ ಸದನಗಳಲ್ಲಿ ಒಂದು ವಿರೋಧ ಮತವೂ ಬೀಳಲಿಲ್ಲ. ಹಾಗಿದ್ದರೆ ಅಷ್ಟು ವರ್ಷ ಕಾಯಿಸಿದ್ದು ಯಾರ ಹಿತಕ್ಕೆ?

2015ರ ಜುಲೈ 31ರ ಮಧ್ಯರಾತ್ರಿ ಗುಂಡು ಹಾರದೆ ನೆಲ ಕೈಬದಲಾಯಿತು. ಐವತ್ತು ಸಾವಿರಕ್ಕೂ ಹೆಚ್ಚು ಜನರನ್ನು, ನೀವು ಯಾವ ದೇಶದವರಾಗುತ್ತೀರಿ ಎಂದು ಮೊದಲೇ ಕೇಳಲಾಗಿತ್ತು. ಭಾರತದೊಳಗಿದ್ದ ಬಾಂಗ್ಲಾ ತುಂಡುಗಳಲ್ಲಿ ಮುಸ್ಲಿಮರು ದೊಡ್ಡ ಸಂಖ್ಯೆಯಲ್ಲಿದ್ದರು. ಅಲ್ಲಿಂದ ಒಬ್ಬರೂ ಬಾಂಗ್ಲಾಕ್ಕೆ ಹೊರಡಲಿಲ್ಲ. ಆಚೆಯ ಭಾರತೀಯ ತುಂಡುಗಳಿಂದ ಈಚೆ ಬಂದವರು ಸಾವಿರಕ್ಕೂ ಕಡಿಮೆ. ಧರ್ಮದ ಹೆಸರಿನಲ್ಲಿ ಎಳೆದ ಗೆರೆಯ ಎರಡೂ ಬದಿಯಲ್ಲಿ, ಕೇಳಿದಾಗ ಜನ ತಾವಿದ್ದ ಊರನ್ನೇ ಆರಿಸಿಕೊಂಡರು. ಹಾಗೆ ಭಾರತವನ್ನು ಆರಿಸಿ ಬಂದ ಆ ಕೆಲವರನ್ನು ಮಾತ್ರ ದಿನ್‌ಹಾಟಾ, ಹಲ್ದಿಬಾರಿಗಳ ತಗಡಿನ ಶೆಡ್ಡುಗಳಲ್ಲಿ ವರ್ಷಗಟ್ಟಲೆ ಇರಿಸಲಾಯಿತು.