‘ಕಲ್ಯಾಣಕಾರಕ’ ಮತ್ತು ಮಂಗನ ಕಾಯಿಲೆಯ ಲಸಿಕೆ

ಉಗ್ರಾದಿತ್ಯಾಚಾರ್ಯರ ‘ಕಲ್ಯಾಣಕಾರಕ’ವನ್ನು ನಾವು ಅಭಿಮಾನದಿಂದ ಹೆಸರಿಸುತ್ತೇವೆ, ಓದುವವರು ವಿರಳ. ಒಂಬತ್ತನೆಯ ಶತಮಾನದ ಈ ಸಂಸ್ಕೃತ ವೈದ್ಯಗ್ರಂಥವು ಮದ್ಯ, ಮಾಂಸ, ಮಧುಗಳನ್ನು ವರ್ಜಿಸಿ ಚಿಕಿತ್ಸಾಕ್ರಮವನ್ನು ನಿರೂಪಿಸುತ್ತದೆ. ಅದರ ‘ಹಿತಾಹಿತಾಧ್ಯಾಯ’ವು ನೃಪತುಂಗನ ಆಸ್ಥಾನದಲ್ಲಿ ಮಾಂಸೌಷಧದ ವಿರುದ್ಧ ಮಂಡಿಸಿದ ವಾದವೆಂದು ಪ್ರಸಿದ್ಧವಾಗಿದೆ. ಇಂದು ಈ ವಾದವನ್ನು ಮಲೆನಾಡಿನ ಒಂದು ಕಠಿಣ ಪ್ರಶ್ನೆಯ ಮುಂದಿಟ್ಟು ಪರೀಕ್ಷಿಸುವುದು ಉಚಿತ.

ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಲ್ಪಟ್ಟ ಮಂಗನ ಕಾಯಿಲೆ ಈಚಿನ ವರ್ಷಗಳಲ್ಲಿ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳನ್ನೂ ಕಾಡಿದೆ. ಉಣುಗುಗಳಿಂದ ಹರಡುವ ಈ ವೈರಾಣುವಿಗೆ ಮಂಗಗಳೂ ಬಲಿ, ಸೊಪ್ಪು ಸೌದೆಗೆ ಕಾಡಿಗೆ ಹೋಗುವ ಕೂಲಿಕಾರರೂ ಬಲಿ. ಸಿಂಹನಗದ್ದೆಯ ಜ್ವಾಲಾಮಾಲಿನಿ ಅಮ್ಮನವರ ಸನ್ನಿಧಿಗೆ ಬರುವ ಭಕ್ತರಿಗೆ ಇದು ದೂರದ ಸುದ್ದಿಯಲ್ಲ.

ಇದಕ್ಕಿದ್ದ ಲಸಿಕೆಯನ್ನು ಕೋಳಿಯ ಭ್ರೂಣದ ಜೀವಕೋಶಗಳಲ್ಲಿ ವೈರಾಣುವನ್ನು ಬೆಳೆಸಿ, ಫಾರ್ಮಲಿನ್‌ನಿಂದ ನಿಷ್ಕ್ರಿಯಗೊಳಿಸಿ ತಯಾರಿಸುತ್ತಿದ್ದರು. 2005ರಿಂದ 2010ರವರೆಗಿನ ಮಾಹಿತಿಯನ್ನು ಪರಿಶೀಲಿಸಿದ ಅಧ್ಯಯನದ ಪ್ರಕಾರ, ಎರಡು ಬಾರಿ ಪಡೆದವರಿಗೆ ದೊರೆತ ರಕ್ಷಣೆ ಶೇ. 62ರಷ್ಟು, ಬೂಸ್ಟರ್ ಸಹಿತ ಶೇ. 83ರಷ್ಟು. ಸತ್ತ್ವ ಕುಂದಿದ್ದರಿಂದ 2022ರಲ್ಲಿ ಅದರ ಬಳಕೆ ನಿಂತಿತು. ಅನಂತರ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೊಸ ಲಸಿಕೆಯ ಕಾರ್ಯವನ್ನು ಕೈಗೆತ್ತಿಕೊಂಡಿದೆ.

ಈ ಸಂದರ್ಭದಲ್ಲಿ ಹಿತಾಹಿತಾಧ್ಯಾಯವನ್ನು ಎರಡು ಬಗೆಯಾಗಿ ತಪ್ಪಾಗಿ ಓದುವ ಸಂಭವವಿದೆ. ಪ್ರಾಣಿಮೂಲವುಳ್ಳ ಲಸಿಕೆ ನಿಷಿದ್ಧವೆಂದು ಕೈತೊಳೆದುಕೊಳ್ಳುವುದು ಮೊದಲನೆಯದು. ಬಾಯಿಗೆ ಹೋಗುವುದಷ್ಟೇ ಆಹಾರದೋಷ, ಸೂಜಿಯ ಹಿಂದಿನ ವಿಚಾರ ನಮಗೇಕೆ ಎಂದು ಸುಮ್ಮನಿರುವುದು ಎರಡನೆಯದು. ಮೊದಲನೆಯದು ಕೂಲಿಕಾರನ ಪ್ರಾಣವನ್ನು ಮರೆಯುತ್ತದೆ. ಎರಡನೆಯದು ಮೂಕಪ್ರಾಣಿಯನ್ನು ಮರೆಯುತ್ತದೆ.

ಗ್ರಂಥದ ಮಿತಿಯನ್ನೂ ಒಪ್ಪಬೇಕು. ಔಷಧದ್ರವ್ಯವೇ ಪ್ರಾಣಿಯ ಅಂಗವಾಗಿದ್ದ ಕಾಲದ ವಾದ ಅದು. ಈಗ ಹಿಂಸೆಯು ಔಷಧದಲ್ಲಿ ಕಾಣುವುದಿಲ್ಲ, ಅದರ ತಯಾರಿಕೆಯಲ್ಲಿ ಅಡಗಿದೆ. 1962ರಲ್ಲಿ ಜಪಾನಿನ ಚಿಬಾ ವಿಶ್ವವಿದ್ಯಾಲಯದಲ್ಲಿ ಆಫ್ರಿಕದ ಹಸಿರು ಮಂಗವೊಂದರ ಮೂತ್ರಪಿಂಡದಿಂದ ಪಡೆದ ‘ವೀರೋ’ ಕೋಶಗಳು ಇಂದಿಗೂ ಪ್ರಯೋಗಾಲಯಗಳಲ್ಲಿ ವೃದ್ಧಿಸುತ್ತಿವೆ. ಪ್ರತಿ ಬಾರಿ ಮತ್ತೊಂದು ಮಂಗವನ್ನು ಕೊಲ್ಲಬೇಕಿಲ್ಲ. ಆದರೆ ಇಂಥ ಕೋಶಗಳಿಗೆ ರೂಢಿಯಲ್ಲಿರುವ ಪೋಷಕ, ಕಸಾಯಿಖಾನೆಯಲ್ಲಿ ಕೊಂದ ಗಬ್ಬದ ಹಸುವಿನ ಭ್ರೂಣದ ರಕ್ತದಿಂದ ತೆಗೆದ ಸೀರಮ್. ಹೊಸದಾಗಿ ಬಂದಿರುವ ಸೀರಮ್‌ರಹಿತ ಪೋಷಕದ್ರವಗಳ ಮಹತ್ತ್ವ ಇಲ್ಲಿದೆ.

ಹೊಸ ವಿಜ್ಞಾನವೆಲ್ಲ ಹಿಂಸೆಯನ್ನು ಹೆಚ್ಚಿಸುವುದೆಂಬ ನಂಬಿಕೆಯೂ ಸರಿಯಲ್ಲ. ಒಂದು ಕಾಲಕ್ಕೆ ಈ ರೋಗದ ಪತ್ತೆಗೆ ರೋಗಿಯ ರಕ್ತವನ್ನು ಎಳೆಯ ಇಲಿಮರಿಗಳಿಗೆ ಚುಚ್ಚಿ, ಅವು ನರಳುವುದನ್ನು ಕಾಯುತ್ತಿದ್ದರು. 2012ರಲ್ಲಿ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯು ಆರ್‌ಟಿ-ಪಿಸಿಆರ್ ಪರೀಕ್ಷೆಯನ್ನು ರೂಪಿಸಿದ ಮೇಲೆ ರಾಸಾಯನಿಕ ಕಾರಕಗಳೇ ಆ ಕೆಲಸವನ್ನು ಶೀಘ್ರವಾಗಿ ಮಾಡುತ್ತಿವೆ. ಪಂಚೇಂದ್ರಿಯ ಜೀವಿಗಳ ಆ ವಧೆ ತಪ್ಪಿತು, ರೋಗಿಗೂ ಲಾಭವಾಯಿತು.

ಉಗ್ರಾದಿತ್ಯರ ಹಿರಿಮೆ ಇಲ್ಲಿಯೇ ಸ್ಪಷ್ಟವಾಗುತ್ತದೆ. ಅವರು ಬರಿಯ ನಿಷೇಧವನ್ನು ಸಾರಲಿಲ್ಲ; ಇಪ್ಪತ್ತೈದು ಪರಿಚ್ಛೇದಗಳಲ್ಲಿ ಪರ್ಯಾಯ ಚಿಕಿತ್ಸೆಯನ್ನು ಕಟ್ಟಿಕೊಟ್ಟ ಬಳಿಕವೇ ವಾದಕ್ಕೆ ನಿಂತರು. ಪರ್ಯಾಯವಿಲ್ಲದ ನಿಷೇಧದ ಭಾರ ಬಡವನ ಮೇಲೆ ಬೀಳುತ್ತದೆ.

ಆದುದರಿಂದ ಶ್ರಾವಕರು ಲಸಿಕೆ ಬಂದಾಗ ನಿರಾಕರಿಸಬೇಕಾಗಿಲ್ಲ. ಗೃಹಸ್ಥನು ಸಂಕಲ್ಪೀ ಹಿಂಸೆಯನ್ನು ತ್ಯಜಿಸಬೇಕು, ಉಳಿದುದನ್ನು ವಿವೇಕದಿಂದ ಕುಗ್ಗಿಸಬೇಕು ಎಂಬುದೇ ಅಣುವ್ರತದ ದಾರಿ. ಬಸದಿಗಳ ಆಡಳಿತ ಮಂಡಳಿಗಳು ಮಾತ್ರ ಕೇಳಲೇಬೇಕಾದ ಪ್ರಶ್ನೆಗಳಿವೆ: ಯಾವ ಕೋಶ? ಯಾವ ಪೋಷಕ? ಸೀರಮ್‌ರಹಿತ ವಿಧಾನ ಸಾಧ್ಯವೇ? ಶಾಸ್ತ್ರದಾನಕ್ಕೂ ಔಷಧದಾನಕ್ಕೂ ನಿಧಿಯಿಡುವ ಸಮಾಜವು ಇಂಥ ಸಂಶೋಧನೆಗೂ ಒಂದು ಪಾಲನ್ನು ಮೀಸಲಿಡಲಿ. ಅಲ್ಲಿಯವರೆಗೆ, ತಮ್ಮ ತೋಟಗಳಲ್ಲಿ ದುಡಿಯುವವರಿಗೆ ಉಣುಗನ್ನು ಕೊಲ್ಲದೆ ದೂರವಿರಿಸುವ ಡೇಪಾ ತೈಲವನ್ನು ತಲುಪಿಸುವುದು, ಸತ್ತ ಮಂಗ ಕಂಡರೆ ಆರೋಗ್ಯ ಇಲಾಖೆಗೆ ತಿಳಿಸುವುದು ಇಂದೇ ಸಾಧ್ಯವಾದ ಜೀವದಯೆ.