ಅನುಭವಮಂಟಪವು ಪಾರ್ಲಿಮೆಂಟೇ?

ಇಂಗ್ಲೆಂಡಿನ ಪಾರ್ಲಿಮೆಂಟು ಭವನಕ್ಕೆ ಇದಿರಾಗಿ, ಥೇಮ್ಸ್ ನದಿಯ ಆಚೆಯ ದಂಡೆಯಲ್ಲಿರುವ ಲ್ಯಾಂಬೆತ್‌ನಲ್ಲಿ, 2015ನೆಯ ಇಸವಿ ನವೆಂಬರ 14ರಂದು ಭಾರತದ ಪ್ರಧಾನಮಂತ್ರಿಗಳು ಬಸವೇಶ್ವರರ ಪ್ರತಿಮೆಯನ್ನು ಅನಾವರಣಗೊಳಿಸಿದರು. ಅನುಭವಮಂಟಪವೇ ಜಗತ್ತಿನ ಮೊದಲನೆಯ ಪಾರ್ಲಿಮೆಂಟೆಂದು ಮೊದಲಿನಿಂದಲೂ ರೂಢಿಯಲ್ಲಿದ್ದ ಮಾತಿಗೆ ಇದರಿಂದ ಹೊಸ ಬಲವುಂಟಾಯಿತು. ವಿಶ್ವಸಂಸ್ಥೆಯು 2005ರಲ್ಲಿ ಪ್ರಜಾಪ್ರಭುತ್ವ ನಿಧಿಯನ್ನು ಸ್ಥಾಪಿಸಿದಾಗ ಅದಕ್ಕೆ ಮೊದಲು ಹಣವಿತ್ತ ರಾಷ್ಟ್ರಗಳಲ್ಲಿ ಭಾರತವೂ ಒಂದು. 2007ರಲ್ಲಿ ಆ ಸಂಸ್ಥೆಯು ಸಪ್ಟೆಂಬರ 15ನ್ನು ಪ್ರಜಾಪ್ರಭುತ್ವ ದಿನವೆಂದು ಗೊತ್ತುಪಡಿಸಿತು. ಅನ್ಯದೇಶಗಳ ರಾಜ್ಯವ್ಯವಸ್ಥೆಯನ್ನು ಬಲಪಡಿಸಲು ನೆರವಾಗುವ ರಾಷ್ಟ್ರವು ತನ್ನ ಪೂರ್ವೇತಿಹಾಸದಿಂದ ಒಂದು ಪ್ರಮಾಣವನ್ನು ತೋರಿಸಬಯಸುವದು ಸಹಜವೇ. ಆದರೆ ಆ ಪ್ರಮಾಣವು ಗ್ರಂಥಗಳ ಪರೀಕ್ಷೆಯಲ್ಲಿ ನಿಲ್ಲುವದೋ ಇಲ್ಲವೋ ಎಂಬುದು ಸಾಹಿತ್ಯವಿಮರ್ಶೆಗೆ ಸೇರಿದ ವಿಷಯವಾಗಿದೆ.

'ಮೊದಲನೆಯದು' ಎಂಬ ವಿಶೇಷಣವು ಮೊದಲು ಬಿದ್ದುಹೋಗತಕ್ಕದ್ದು. ಐಸ್‌ಲಂಡಿನ ಆಲ್‌ತಿಂಗ್ ಸಭೆಯು ಕ್ರಿ. ಶ. 930ರಷ್ಟು ಹಳೆಯದು. ತಮಿಳುನಾಡಿನ ಉತ್ತರಮೇರೂರಿನಲ್ಲಿ ಒಂದನೆಯ ಪರಾಂತಕನ ಕಾಲದ ಶಾಸನಗಳು, ಅಂದರೆ ಹತ್ತನೆಯ ಶತಮಾನದ ಮೊದಲ ಭಾಗದವು, ಗ್ರಾಮಸಭೆಯ ಸದಸ್ಯರನ್ನು ಚೀಟಿಯೆತ್ತಿ ಆರಿಸುವ ಕ್ರಮವನ್ನೂ ಅವರ ಅರ್ಹತೆಗಳನ್ನೂ ವಿವರವಾಗಿ ಹೇಳುತ್ತವೆ. ಪದೇ ಪದೇ ಹೋಲಿಕೆಗೆ ತರಲ್ಪಡುವ 1215ರ ಮ್ಯಾಗ್ನಾ ಕಾರ್ಟಾ ಎಂಬುದಾದರೋ ಅರಸನಿಗೂ ಅವನ ಸಾಮಂತರಿಗೂ ನಡೆದ ಒಡಂಬಡಿಕೆಯೇ ಹೊರತು ಸಭೆಯಲ್ಲ.

ಮುಖ್ಯ ಪ್ರಶ್ನೆಯು ಬೇರೆ. ಮಂಟಪದ ಗೋಷ್ಠಿಗಳ ವಿಸ್ತಾರವಾದ ಚಿತ್ರವು ದೊರೆಯುವದು ಶೂನ್ಯಸಂಪಾದನೆಯಲ್ಲಿ. ಶಿವಗಣಪ್ರಸಾದಿ ಮಹಾದೇವಯ್ಯನು ಅದನ್ನು ಮೊದಲು ಸಂಕಲಿಸಿದ್ದು 15ನೆಯ ಶತಮಾನದಲ್ಲಿ; ಬಸವಣ್ಣನ ಕಾಲಕ್ಕೂ ಅದಕ್ಕೂ ಸುಮಾರು ಮುನ್ನೂರು ವರ್ಷಗಳ ಅಂತರವಿದೆ. ತರುವಾಯದ ಸಂಕಲನಕಾರರು ಸಿದ್ಧರಾಮನ ಲಿಂಗದೀಕ್ಷೆಯಂಥ ಪ್ರಸಂಗಗಳನ್ನು ಕೂಡಿಸಿದರು. ಬಿಡಿ ವಚನಗಳನ್ನು ಪೋಣಿಸಿ ಸಂವಾದರೂಪಕ್ಕೆ ತಂದ ಈ ಕೃತಿಯನ್ನು ಸಭೆಯ ನಡಾವಳಿಯೆಂದು ಓದುವದು ಸಂಕಲನಕಾರನ ಪ್ರತಿಭೆಯನ್ನು ಕಾಣದೆ ಹೋದಂತೆಯೇ ಸರಿ. ಅಲ್ಲಿ ಮತಗಣನೆಯಿಲ್ಲ, ಪ್ರತಿನಿಧಿಗಳಿಲ್ಲ, ತೆರಿಗೆಯ ಮಾತಿಲ್ಲ. ಬಿಜ್ಜಳನ ಆಸ್ಥಾನವು ಬೇರೆಯೇ ಇದ್ದಿತು.

ಹಾಗಾದರೆ ರಾಜ್ಯನೀತಿಯನ್ನು ಚಿಂತಿಸುವವನಿಗೆ ಅಲ್ಲಿ ಏನೂ ಇಲ್ಲವೆಂದಲ್ಲ. ಪಾರ್ಲಿಮೆಂಟೆಂಬ ಹೆಸರು ಮುಚ್ಚಿಹಾಕುವ ಅಂಶವೇ ಬೆಲೆಯುಳ್ಳದ್ದು. ಪ್ರಭುದೇವನು ಮಹಾಮನೆಯ ಬಾಗಿಲಿಗೆ ಬಂದು ನಿಂತಿರಲು ಬಸವಣ್ಣನು ಲಿಂಗಪೂಜೆಯಲ್ಲಿದ್ದು ಇದಿರುಗೊಳ್ಳಲು ಬಾರದೆ ಹೋದುದು ಕೃತಿಯಲ್ಲಿ ಆಕ್ಷೇಪಕ್ಕೆ ಗುರಿಯಾಗುತ್ತದೆ. ಮನೆ ಅವನದು, ರಾಜ್ಯದ ಭಂಡಾರವು ಅವನ ಕೈಯಲ್ಲಿದ್ದಿತು. ಆದರೂ ಅವನು ಉತ್ತರ ಹೇಳಬೇಕಾಯಿತು. ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಹೆಂಡತಿ ಲಕ್ಕಮ್ಮನು ಅದನ್ನು ಬಂದಲ್ಲಿಗೇ ಒಯ್ದು ಸುರಿಯೆಂದಳು. ಸಾರ್ವಜನಿಕ ದ್ರವ್ಯದ ಲೆಕ್ಕವನ್ನು ಇಲ್ಲಿ ಕೇಳಿದವಳು ಅಧಿಕಾರಿಯಲ್ಲ, ಬಡ ಗೃಹಿಣಿ.

ಈ ವಿಷಯದಲ್ಲಿ ಬಸವನ ಬಾಗೇವಾಡಿಯ ಸುತ್ತಣ ಸೀಮೆಯು ಗಮನಾರ್ಹವಾಗಿದೆ. ಕ್ರಿ. ಶ. 1260ರ ಅರ್ಜುನವಾಡ ಶಾಸನವು ಬಾಗೇವಾಡಿಯನ್ನು ತರ್ದವಾಡಿ ನಾಡಿನೊಳಗಿನ ಊರೆಂದು ಹೇಳುತ್ತದೆ. ಅದೇ ನಾಡಿನ ಸಾಲೋಟಗಿಯಲ್ಲಿ, ಈಗಿನ ಇಂಡಿ ತಾಲೂಕಿನಲ್ಲಿ, ಮೂರನೆಯ ಕೃಷ್ಣನ ಮಂತ್ರಿ ನಾರಾಯಣನು ಕಟ್ಟಿಸಿದ ಶಾಲೆಗೆ ಶಕ 867ರಲ್ಲಿ, ಅಂದರೆ ಕ್ರಿ. ಶ. 945ರಲ್ಲಿ, ದತ್ತಿ ದೊರೆಯಿತು. ನಾನಾ ಜನಪದಗಳಿಂದ ಬಂದ ವಿದ್ಯಾರ್ಥಿಗಳಿಗೆ 27 ಮನೆಗಳನ್ನು ಬಿಟ್ಟುದಲ್ಲದೆ, ಮದುವೆ, ಉಪನಯನಗಳಾದಾಗ ಊರ ಮನೆತನಗಳು ಇಂತಿಷ್ಟು ಹಣ ಕೊಡತಕ್ಕದ್ದೆಂದು ಕಟ್ಟುಮಾಡಲಾಯಿತು. ಇದು ಬ್ರಾಹ್ಮಣ ವಿದ್ಯಾರ್ಥಿಗಳಿಗಾಗಿ ನಡೆದ ಸಂಸ್ಥೆ, ಎಲ್ಲರಿಗೂ ತೆರೆದುದಲ್ಲ. ಆದರೂ ಮಂತ್ರಿಯ ದಾನವೊಂದನ್ನೇ ನಂಬದೆ ಊರಿನವರೇ ಹೊರುವಂತೆ ಮಾಡಿದ ಏರ್ಪಾಡು ಇದಾಗಿದೆ.

ದಾನಿಯ ಪ್ರಶ್ನೆಯನ್ನು ಇನ್ನೂ ನಿಷ್ಠುರವಾಗಿ ಎತ್ತಿದವನು ಮಡಿವಾಳ ಮಾಚಯ್ಯನು. ಅವನ ಊರಾದ ದೇವರ ಹಿಪ್ಪರಗಿಯು ಇತ್ತೀಚಿನವರೆಗೂ ಸಿಂದಗಿ ತಾಲೂಕಿಗೆ ಸೇರಿತ್ತು. ಬೇಡುವ ಭಕ್ತರಿಗೆಲ್ಲ ಕೊಡುವವನು ತಾನೆಂಬ ಭಾವವು ಬಸವಣ್ಣನಲ್ಲಿ ಸುಳಿದಾಗ, ಭಕ್ತರು ಬಡವರೂ ನೀನೊಬ್ಬನೇ ದಾನಿಯೂ ಆದೆಯೋ ಎಂಬ ಅರ್ಥದಲ್ಲಿ ಮಾಚಯ್ಯನು ಗದರಿಸಿದನೆಂದು ಬಸವಪುರಾಣದ ಪರಂಪರೆಯು ಹೇಳುತ್ತದೆ. ಭೀಮಕವಿಯ ಕನ್ನಡ ಬಸವಪುರಾಣವು 1369ರದು. ಇಲ್ಲಿಯ ಪವಾಡವನ್ನು ಬದಿಗಿಟ್ಟರೂ, ಬಟ್ಟೆ ಒಗೆಯುವವನು ಭಂಡಾರಿಯನ್ನು ತಿದ್ದಿದನೆಂಬ ಸನ್ನಿವೇಶವನ್ನು ಪುರಾಣಕಾರರು ಬಿಡದೆ ಉಳಿಸಿಕೊಂಡರೆಂಬುದು ಸಾಮಾನ್ಯ ಸಂಗತಿಯಲ್ಲ. ಪ್ರಜಾಪ್ರಭುತ್ವಕ್ಕೆ ಒಂದೇ ಮಾದರಿಯಿಲ್ಲವೆಂದು ವಿಶ್ವಸಂಸ್ಥೆಯ 2005ರ ಶಿಖರಸಭೆಯು ಒಪ್ಪಿಕೊಂಡಿತು. ಹೀಗಿರಲು ಹೊರಗಿನ ಮಾದರಿಯ ಹೆಸರನ್ನು ಕಲ್ಯಾಣದ ಗೋಷ್ಠಿಗೆ ತಗುಲಿಸುವ ಅವಸರವೇಕೆಂದು ತಿಳಿಯದು.

ನೀಲಮ್ಮನ ಐಕ್ಯಸ್ಥಳವೆನ್ನಲಾಗುವ ತಂಗಡಗಿಯು ಮುದ್ದೇಬಿಹಾಳ ತಾಲೂಕಿನಲ್ಲಿ ಕೃಷ್ಣಾತೀರದಲ್ಲಿದೆ. ಅವಳ ವಚನಗಳು ಈ ಚರ್ಚೆಯಲ್ಲಿ ಬಹುಮಟ್ಟಿಗೆ ಅಲಕ್ಷಿತವಾಗಿವೆ. 1923ರಲ್ಲಿ ವಚನಶಾಸ್ತ್ರಸಾರವನ್ನು ಪ್ರಕಟಿಸಿದ, 1926ರಲ್ಲಿ ವಿಜಾಪುರದಿಂದ ಶಿವಾನುಭವ ಪತ್ರಿಕೆಯನ್ನು ಹೊರಡಿಸಿದ ಫ. ಗು. ಹಳಕಟ್ಟಿಯವರ ದುಡಿಮೆಯಿಂದ ಮೂಲಗ್ರಂಥಗಳು ಓದುಗರ ಕೈಸೇರಿದವು. ಕರ್ನಾಟಕ ವಿಶ್ವವಿದ್ಯಾಲಯವು ಶೂನ್ಯಸಂಪಾದನೆಯನ್ನು ಐದು ಸಂಪುಟಗಳಲ್ಲಿ ಇಂಗ್ಲಿಷಿಗೆ ತಂದಿತು. ಮಹಾದೇವಯ್ಯನ ಪಾಠವನ್ನೂ ಗೂಳೂರು ಸಿದ್ಧವೀರಣ್ಣೊಡೆಯನ ಪಾಠವನ್ನೂ ಪಕ್ಕಪಕ್ಕದಲ್ಲಿಟ್ಟು, ಪ್ರಶ್ನೆ ಕೇಳುವ ಅಧಿಕಾರವು ಯಾವ ಯಾವ ಪಾತ್ರಕ್ಕೆ ಯಾವ ಸಂಕಲನದಲ್ಲಿ ದೊರೆತಿದೆಯೆಂದು ಎಣಿಸಿ ನೋಡಿದರೆ, ಮಂಟಪದ ಕಲ್ಪನೆಯು ಬೆಳೆದ ಬಗೆಯು ಪ್ರತಿಮೆಯ ಪೀಠಗಳಿಗಿಂತ ಸ್ಪಷ್ಟವಾಗಿ ಕಂಡೀತು.