ಬೆಕ್ಕಿಗೊಂದು ಕ್ರೋಶಾ ಚೆಂಡು

ತುದಿಯಲ್ಲಿ ಕೊಕ್ಕೆಯಿರುವ ಒಂದೇ ಕಡ್ಡಿಯಿಂದ, ಕುಣಿಕೆಯೊಳಗಿಂದ ಮತ್ತೊಂದು ಕುಣಿಕೆಯನ್ನು ಎಳೆಯುತ್ತ ಸಾಗುವ ಕ್ರೋಶಾ ಹೆಣಿಗೆಯ ಸೊಗಸು ಮೇಜುಹಾಸು, ಬಾಗಿಲ ತೋರಣಗಳಲ್ಲಿ ಮಾತ್ರವಲ್ಲದೆ ಬೆಕ್ಕಿಗಾಗಿ ಹೆಣೆದ ಪುಟ್ಟ ಚೆಂಡಿನಲ್ಲಿಯೂ ಪೂರ್ಣವಾಗಿ ವ್ಯಕ್ತವಾಗುತ್ತದೆ. ದಾರವನ್ನು ಬೆರಳಿಗೆ ಸುತ್ತಿ ಮಾಡಿದ, ಎಳೆದೊಡನೆ ನಡುವಿನ ರಂಧ್ರ ಮುಚ್ಚಿಕೊಳ್ಳುವ ಉಂಗುರದೊಳಗೆ 6 ಹೊಲಿಗೆಗಳನ್ನು ಹಾಕಿ, ಮುಂದಿನ ಸುತ್ತುಗಳಲ್ಲಿ ಅವನ್ನು 12, 18, 24ಕ್ಕೆ ಏರಿಸಿ, ಕೆಲವು ಸುತ್ತು ಏರಿಕೆಯಿಲ್ಲದೆ ಹೆಣೆದು, ಬಳಿಕ ಅದೇ ಕ್ರಮದಲ್ಲಿ ಇಳಿಸುತ್ತ ಬಂದರೆ ಚಪ್ಪಟೆ ಬಿಲ್ಲೆಯು ಬಟ್ಟಲಾಗಿ, ಬಟ್ಟಲು ಗೋಳವಾಗಿ ಮುಚ್ಚಿಕೊಳ್ಳುತ್ತದೆ. ಎಣಿಕೆಯಿಂದಲೇ ಆಕಾರ ಹುಟ್ಟಿಸುವ ಈ ಕ್ರಮವೇ ಜಪಾನಿನಲ್ಲಿ ‘ಅಮಿಗುರುಮಿ’ ಎಂದು ಕರೆಯಲಾಗುವ, ಹೆಣೆದು ತುಂಬಿದ ಗೊಂಬೆಗಳಿಗೂ ಆಧಾರವಾಗಿದೆ.

ಈ ಕೌಶಲದ ನಿಜವಾದ ಹಿರಿಮೆಯಿರುವುದು ಬೆಕ್ಕಿನ ದೇಹವನ್ನು ಅರಿತು ಪಾಲಿಸುವ ಸಂಯಮದಲ್ಲಿ. ಬೆಕ್ಕಿನ ನಾಲಿಗೆಯ ಮೇಲಿನ, ಪ್ಯಾಪಿಲೆ ಎಂಬ ಗಡಸು ಮುಳ್ಳುಗಳು ಗಂಟಲಿನ ಕಡೆಗೆ ಬಾಗಿರುವುದರಿಂದ ಬಾಯಿಗೆ ಸಿಕ್ಕ ದಾರವನ್ನು ಉಗುಳುವುದು ಅದಕ್ಕೆ ಕಷ್ಟ. ನುಂಗಿದ ದಾರದ ಒಂದು ತುದಿ ನಾಲಿಗೆಯ ಬುಡದಲ್ಲೋ ಜಠರದಲ್ಲೋ ಸಿಕ್ಕಿಕೊಂಡರೆ ಕರುಳು ನೆರಿಗೆಗಟ್ಟಿ, ದಾರವು ಅದನ್ನು ಕೊಯ್ಯುವ ಅಪಾಯವಿದೆ. ಆದ್ದರಿಂದ ಗುಂಡಿ, ಮಣಿ, ಗೊಂಡೆಗಳನ್ನು ಕೈಬಿಟ್ಟು, ಚೆಂಡಿಗೆ ಮುಖ ಬೇಕೆನಿಸಿದರೆ ಕಣ್ಣುಗಳನ್ನು ಕಸೂತಿಯಲ್ಲೇ ಮೂಡಿಸಿ, ತುಂಬಿದ ಹತ್ತಿ ಇಣುಕದಂತೆ ಬಿಗಿಯಾಗಿ ಹೆಣೆದು, ಕೊನೆಯ ಎಳೆಯನ್ನು ಹಲವು ದಿಕ್ಕುಗಳಲ್ಲಿ ಒಳಗೇ ಪೋಣಿಸಿ ಭದ್ರಪಡಿಸಬೇಕು. ಚೆಂಡು ಬೆಕ್ಕಿನ ಬಾಯಿಯೊಳಗೆ ಪೂರ್ತಿ ಹೋಗದಷ್ಟು ದೊಡ್ಡದಾಗಿರಬೇಕು.

ಪುದೀನದ ಕುಟುಂಬಕ್ಕೆ ಸೇರಿದ ಕ್ಯಾಟ್‌ನಿಪ್ ಗಿಡದ ಒಣಗಿದ ಎಲೆಗಳನ್ನು ಹತ್ತಿಯೊಡನೆ ತುಂಬಿದರೆ, ಅದರಲ್ಲಿರುವ ನೆಪೆಟಲ್ಯಾಕ್ಟೋನ್ ಎಂಬ ಸುವಾಸಿತ ಸಂಯುಕ್ತಕ್ಕೆ ಎಲ್ಲವೂ ಅಲ್ಲದಿದ್ದರೂ ಬಹುಪಾಲು ಬೆಕ್ಕುಗಳು ಮೈಮರೆತು ಹೊರಳಾಡುತ್ತವೆ. ಆಟದ ವೇಳೆ ನಿಗಾ ಇಟ್ಟು, ಎಳೆ ಬಿಚ್ಚಿದೊಡನೆ ಆಟಿಕೆಯನ್ನು ತೆಗೆದು ಹೊಸದನ್ನು ಹೆಣೆಯುವ ಎಚ್ಚರವೂ ಸೇರಿದಾಗಲೇ ಈ ಸರಳ ಕಸುಬು ಪ್ರಾಣಿಪ್ರೀತಿಯ ಪರಿಪೂರ್ಣ ಕಲೆಯಾಗುತ್ತದೆ.